ಒಂದೂವರೆ ಸ್ಟಾರಿನ ರವಿವಾರ

ಬೇರೆಯವರು ಸಿನಿಮಾಕ್ಕೆ ಹೋಗಿ ನಕ್ಕು ಬರುತ್ತಾರೆ. ನಾನು ಹೊರಟರೆ ಮಾತ್ರ ಟಿಕೆಟ್ ತೆಗೆಯುವ ಮೊದಲೇ ಎದೆ ಡವಡವ ಎನ್ನುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಈಚೆಗೆ ಒಂದೇ ಸಿನಿಮಾಕ್ಕೆ ಒಂದು ವಾರ ಪೂರ್ತಿ ಬೆವರಿದೆ.

ಚಹಾದ ಹೊತ್ತು

ಗೋವಾದ ಸಾಂಕೋಲೆಯ ಪೈಪು ಕಾರ್ಖಾನೆಯಲ್ಲಿ ನಾನು ಲೋಡಿಂಗ್ ವಿಭಾಗದ ಗುಮಾಸ್ತ. ನಮ್ಮ ಸಾಹೇಬರು ಧಾರವಾಡದವರು. ಹೊಸ ಸಿನಿಮಾ ಬಂದರೆ ಚಹಾದ ಹೊತ್ತಿಗೆ ಪೇಪರಿನ ವಿಮರ್ಶೆಯನ್ನು ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಸಿನಿಮಾ ಮಾತ್ರ ನೋಡುವುದಿಲ್ಲ. ದಿನವಿಡೀ ಪೈಪು ಎತ್ತಿಸಿ ಇಳಿಸುವ ನಮಗೆ ಹೀರೋ ಹಾರಿದರೆ ಸಾಕು. ಹೇಗೆ ಹಾರಿದ ಎಂದು ಕೇಳುವ ತ್ರಾಣ ಉಳಿದಿರುವುದಿಲ್ಲ.

ಈ ಸಲದ ಕನ್ನಡ ಸಿನಿಮಾಕ್ಕೆ ಪೇಪರಿನವರು ಕೊಟ್ಟದ್ದು ಒಂದೂವರೆ ಸ್ಟಾರು. "ಒಬ್ಬಾಂವ ಮೂವತ್ತು ಮಂದೀನ ಹೊಡಿತಾನಂತ. ಆಗೂ ಮಾತೇನು?" ಎಂದು ಸಾಹೇಬರು ಕ್ರೇನ್ ಆಪರೇಟರನನ್ನು ಕೇಳಿದರು.

ಅವನು ಬಿಸ್ಕೀಟು ಅದ್ದುತ್ತ ಹೇಳಿದ: "ಯಾಕ ಆಗೂದಿಲ್ರಿ ಸರ? ಇಲ್ಲೆ ಆರು ಮಂದಿ ಕೆಲಸಾ ನಾನೊಬ್ಬನ ಮಾಡಾಕತ್ತೇನಿ. ಅದಕ್ಕ ನೀವು ಅರ್ಧ ಸ್ಟಾರೂ ಕೊಟ್ಟಿಲ್ಲ."

ಬೈದರೆ ನಗುವ ಊರು

ನನ್ನ ಹೆಂಡತಿ ಬಾಗಲಕೋಟೆ ಕಡೆಯಿಂದ ಬಂದು ಎರಡು ತಿಂಗಳಾಗಿತ್ತು. ನಮ್ಮ ಬಾಡಿಗೆ ಖೋಲಿಯ ಸುತ್ತ ಕನ್ನಡದವರು ಒಬ್ಬರೂ ಇಲ್ಲ. ಎಲ್ಲರೂ ‘ಬಾಯಿ’ ಎಂದು ಕರೆಯುವ ಮನೆಯ ಮಾಲಕಿಗೆ ಕೊಂಕಣಿ ಬಿಟ್ಟರೆ ಬೇರೆ ಬರುವುದಿಲ್ಲ. ಅವರೂ ನನ್ನ ಹೆಂಡತಿಯೂ ಕೈಸನ್ನೆಯಲ್ಲೇ ದಿನ ದೂಡುತ್ತಿದ್ದರು.

ಆ ಬುಧವಾರ ಕೆಲಸದಿಂದ ಬಂದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು. "ಸೋಮವಾರ ನಾ ನಮ್ಮವ್ವನ ಕಡೆ ಹೊಂಟೇನ್ರಿ. ಮತ್ತ ಯಾವಾಗ ಬರ್ತೀನೋ ಹೇಳಾಕ ಆಗೂದಿಲ್ಲ."

ನಾನು ಚಪ್ಪಲಿ ಕಳಚುವುದನ್ನು ಬಿಟ್ಟು ಕೇಳಿದೆ: "ಏನಾತು?"

"ಮುಂಜಾನೆ ಪಾವ್ ಮಾರಾಂವ ಕಲ್ಲಿನಂಥಾ ಪಾವ್ ಕೊಟ್ಟಾ. ಬಾಯಿಗೆ ಬಂದಂಗ ಬೈದ್ನಿ. ಅಂವಾ ನಕ್ಕು ಮತ್ತೊಂದು ಪಾವ್ ಕೊಟ್ಟು ಹೋದಾ. ಬೈದ್ರ ನಗ್ತಾರ. ಇಂಥಾ ಊರಾಗ ಹೆಂಗ ಬಾಳೇ ಮಾಡೂದು?"

ಬೇರೇನೂ ತೋಚದೆ, ರವಿವಾರ ವಾಸ್ಕೋದಲ್ಲಿ ಕನ್ನಡ ಸಿನಿಮಾ ತೋರಿಸುತ್ತೇನೆ, ಆಮೇಲೆ ನೋಡೋಣ ಎಂದೆ. ಅವಳು ಒಪ್ಪಿದಳು. ಬಟ್ಟೆ ಮಡಚುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಹದಿನೈದು ತಲೆ

ಥೇಟರಿನವರು ಕನ್ನಡಕ್ಕೆ ಕೊಟ್ಟದ್ದು ಒಂದೇ ಆಟ, ರವಿವಾರ ಮುಂಜಾನೆ. ಶನಿವಾರ ಸಂಜೆಯೊಳಗೆ ಹದಿನೈದು ಜನ ಟಿಕೆಟ್ ತೆಗೆಯಬೇಕು, ಇಲ್ಲದಿದ್ದರೆ ಆಟ ರದ್ದು. ನಾನು ಕಾರ್ಖಾನೆಯವರ ಮನೆ ಮನೆ ತಿರುಗಿ ತಲೆ ಕೂಡಿಸಿದೆ. ಮಾಲಕಿ ಬಾಯಿಯೂ ಬರುತ್ತೇನೆಂದರು. ಒಟ್ಟು ಹದಿನೈದರಲ್ಲಿ ಹನ್ನೊಂದು ಜನ ನಮ್ಮ ಶಿಫ್ಟಿನವರೇ.

ಶನಿವಾರ ನಾಲ್ಕು ಗಂಟೆಗೆ ಸುದ್ದಿ ಬಂತು: ರವಿವಾರ ಮುಂಜಾನೆ ಎರಡು ಲಾರಿ ತುಂಬಬೇಕು, ಎಲ್ಲರಿಗೂ ಡ್ಯೂಟಿ. ನಾನು ಸಾಹೇಬರ ಕ್ಯಾಬಿನ್ನಿಗೆ ಹೋದೆ.

"ಸರ, ಲಾರಿ ಮಧ್ಯಾಹ್ನಕ್ಕ ಹಾಕಬಹುದೇನ್ರಿ? ಮುಂಜಾನೆ ಸಿನಿಮಾ ಐತ್ರಿ."

"ಆ ಒಂದೂವರೆ ಸ್ಟಾರಿಂದೇನು?" ಸಾಹೇಬರು ಪೆನ್ನು ಕೆಳಗಿಟ್ಟರು.

ಹೆಂಡತಿ ಊರಿಗೆ ಹೊರಟಿದ್ದಾಳೆಂದು ಹೇಳಿದರೆ ಕಾರ್ಖಾನೆಗೆಲ್ಲ ಡಂಗುರ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ನೀವೂ ಬರ್ರಿ ಸರ. ನೋಡದ ಬೈದ್ರ ಬೈಗುಳಕ್ಕ ವಜನ್ ಇರೂದಿಲ್ಲ."

ಅವರು ಲಾರಿಯ ಪಟ್ಟಿ ಎಳೆದುಕೊಂಡು ಹೊತ್ತು ತಿದ್ದಿದರು. ಆಮೇಲೆ, "ಲಾರಿ ಎರಡು ಗಂಟೆಕ್ಕ. ನಾನೂ ಬರ್ತೇನಿ. ತಪ್ಪು ಬರಕೊಳ್ಳಾಕ ಒಂದು ನೋಟಬುಕ್ ಕೊಡು" ಎಂದರು. ಇನ್ನೂರು ಪುಟದ್ದು ಕೊಟ್ಟೆ. ತಿರುವಿ ನೋಡಿ, "ಸಾಕಾಗೂದಿಲ್ಲ" ಎಂದರು.

ಪಕ್ಕದ ಸೀಟು

ಥೇಟರಿನಲ್ಲಿ ಸಾಹೇಬರ ಪಕ್ಕಕ್ಕೆ ನನ್ನ ಹೆಂಡತಿ ಕೂತಳು, ಅವಳ ಈಚೆ ನಾನು, ನನ್ನ ಪಕ್ಕ ಮಾಲಕಿ ಬಾಯಿ. ಕತ್ತಲಲ್ಲಿ ಬರೆಯಲು ಕಾಣದೆ ಸಾಹೇಬರು ತಪ್ಪುಗಳನ್ನು ಬಾಯಲ್ಲೇ ಹೇಳತೊಡಗಿದರು.

"ಅಷ್ಟು ಎತ್ತರದಿಂದ ಹಾರಿದ್ರ ಎಲುಬು ಉಳಿತಾವೇನು?"

"ಅಂವಗ ತಾಯಿ ಆಶೀರ್ವಾದ ಐತ್ರಿ" ಎಂದಳು ನನ್ನ ಹೆಂಡತಿ, ಪರದೆಯಿಂದ ಕಣ್ಣು ತೆಗೆಯದೆ. "ನೀವು ಹಾರಬ್ಯಾಡ್ರಿ."

ನಾನು ಅವಳ ಕೈ ಜಿಗುಟಿದೆ. ಅವಳು ನನ್ನ ಕೈ ಕೊಡವಿದಳು.

"ಇಪ್ಪತ್ತು ವರ್ಷದ ಮ್ಯಾಲೆ ತಾಯಿ ಬರೇ ಬೆನ್ನು ನೋಡಿ ಮಗನ ಗುರ್ತ ಹಿಡಿತಾಳಂತ. ಸಾಧ್ಯ ಐತೇನವಾ?"

"ನಮ್ಮವ್ವ ಕಳಕೊಂಡ ಎಮ್ಮೀನ ನಾಕು ವರ್ಷದ ಮ್ಯಾಲೆ ಸಂತಿಯೊಳಗ ಗುರ್ತ ಹಿಡದಾಳ್ರಿ. ಅದೂ ಹಿಂದಿನಿಂದ."

ಮಧ್ಯಂತರದಲ್ಲೂ ನಿಲ್ಲಲಿಲ್ಲ. ಸಮೋಸದ ಸಾಲಿನಲ್ಲಿ ಸಾಹೇಬರು ಮುಂದೆ, ಇವಳು ಹಿಂದೆ, ಇಬ್ಬರ ದನಿಯೂ ಏರುತ್ತಿತ್ತು. ಇತ್ತ ನನ್ನ ನೌಕರಿ, ಅತ್ತ ನನ್ನ ಸಂಸಾರ, ಎರಡೂ ಒಟ್ಟಿಗೇ ಹೋದವು ಎಂದುಕೊಂಡೆ. ಎರಡನೇ ಅರ್ಧದಲ್ಲಿ ಮಾಲಕಿ ಬಾಯಿ ಪರದೆ ಬಿಟ್ಟು ಇವರಿಬ್ಬರನ್ನೇ ನೋಡುತ್ತ ಚಪ್ಪಾಳೆ ಹೊಡೆಯುತ್ತಿದ್ದರು.

ಆಟ ಮುಗಿಯಿತು. ಸಾಹೇಬರು ಬೆವರು ಒರೆಸಿಕೊಂಡು, ಲಾರಿಗೆ ಹೊತ್ತಾಯಿತೆಂದು ಸ್ಕೂಟರ್ ಹತ್ತಿದರು. ನಾನು ಹೆದರುತ್ತಲೇ ಹೆಂಡತಿಯನ್ನು ಕೇಳಿದೆ: "ಹೆಂಗಿತ್ತು ಸಿನಿಮಾ?"

ಅವಳ ಮುಖ ಮದುವೆಯ ದಿನಕ್ಕಿಂತ ಕಳೆಯಾಗಿತ್ತು. "ಭಾಳ ಚಲೋ ಇತ್ರಿ. ಎರಡು ತಿಂಗಳಾತು ಹಿಂಗ ಬಾಯಿ ತುಂಬ ಜಗಳಾಡಿ."

"ಮತ್ತ ನಾಳಿನ ಬಸ್ಸು?"

"ನಾಳೆ ಹೆಂಗ ಹೋಗೂದ್ರಿ? ಮಾತು ಅರ್ಧಕ್ಕ ನಿಂತೈತಿ. ಮುಂದಿನ ರವಿವಾರ ಸಾಹೇಬ್ರು ಖಾಲಿ ಅದಾರೇನು ಕೇಳ್ರಿ. ಸಿನಿಮಾ ಯಾವುದಿದ್ರೂ ನಡಿತೈತಿ."