ಅಂಗಿಯ ಗುಂಡಿಯನ್ನು ನಿವಾಸಿಯೇ ಹಾಕಿಕೊಂಡಲ್ಲಿ ಅಂಕ ಯಾರಿಗೆ ಎಂಬ ಕುರಿತು

ಗುಣಮಟ್ಟ ಮೌಲ್ಯಮಾಪನ ಶಾಖೆ
(ಎರಡನೇ ಮಹಡಿ, ಕೆಟ್ಟಿರುವ ಲಿಫ್ಟಿನ ಎದುರು)

ಸುತ್ತೋಲೆ ಸಂಖ್ಯೆ: ಗುಮೌ/ವೈಆ/ಗುಂಡಿ/4

ವಿಷಯ: ವಯಸ್ಕರ ಆಸರೆ ವಸತಿಗೃಹಗಳಲ್ಲಿ ನೀಡಲಾಗುವ ವೈಯಕ್ತಿಕ ಆರೈಕೆಯ ಗುಣಮಟ್ಟವನ್ನು ಅಳೆಯುವ ಬಗ್ಗೆ, ಅಳೆಯಲು ಹೋಗಿ ಆದ ಎಡವಟ್ಟುಗಳ ಬಗ್ಗೆ ಹಾಗೂ ಮೂರನೇ ವಸತಿಗೃಹದ ಸಹಾಯಕಿಯ ವರ್ಗಾವಣೆಯ ಬಗ್ಗೆ.

ಉಲ್ಲೇಖ:
1. ಈ ಶಾಖೆಯ ಸುತ್ತೋಲೆ ಗುಂಡಿ/1.
2. ಸದರಿ ಸುತ್ತೋಲೆಯನ್ನು ಹಿಂಪಡೆದ ಸುತ್ತೋಲೆ ಗುಂಡಿ/2.
3. ಎರಡನ್ನೂ ಓದದವರಿಗಾಗಿ ಹೊರಡಿಸಲಾದ ಗುಂಡಿ/3.
4. ಮೂರನೇ ವಸತಿಗೃಹದ ಏಳು ನಿವಾಸಿಗಳ ಮನವಿ (ಯಾರ ಕೈಯನ್ನೂ ಯಾರೂ ಹಿಡಿದು ಸಹಿ ಮಾಡಿಸಿಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆ).

ಪೀಠಿಕೆ

ಸ್ನಾನ, ಹಲ್ಲುಜ್ಜುವಿಕೆ, ತಲೆ ಬಾಚುವಿಕೆ, ಕ್ಷೌರ ಹಾಗೂ ಉಡುಪು ಧರಿಸುವಿಕೆಯಲ್ಲಿ ವಸತಿಗೃಹಗಳ ಸಿಬ್ಬಂದಿಯು ನಿವಾಸಿಗಳಿಗೆ ನೀಡುತ್ತಿರುವ ಸಹಾಯದ ಗುಣಮಟ್ಟವನ್ನು ಅಳೆಯುವ ಸಲುವಾಗಿ ನಮೂನೆ-9ನ್ನು ಜಾರಿಗೆ ತರಲಾಗಿತ್ತು. ಇದರನ್ವಯ ಸಿಬ್ಬಂದಿಯು ತನ್ನ ಕೈಯಾರೆ ಮಾಡಿದ ಪ್ರತಿ ಕೆಲಸಕ್ಕೆ ಒಂದು ಅಂಕ. ತಿಂಗಳಿಗೆ ಇನ್ನೂರು ಅಂಕ ದಾಟದವರನ್ನು ಕೇಂದ್ರ ದಾಸ್ತಾನು ಕೊಠಡಿಗೆ ವರ್ಗಾಯಿಸಿ ಟವೆಲ್ ಎಣಿಸಲು ನೇಮಿಸತಕ್ಕದ್ದೆಂದು ವಿಧಿಸಲಾಗಿತ್ತು. ನಮೂನೆಯನ್ನು ರಚಿಸಲು ಶಾಖೆಯು ಹದಿನಾಲ್ಕು ತಿಂಗಳು ತಲೆ ಕೆಡಿಸಿಕೊಂಡಿದ್ದು, ಆ ಅವಧಿಯಲ್ಲಿ ಯಾವುದೇ ವಸತಿಗೃಹಕ್ಕೆ ಹೋಗಿ ನೋಡಲು ಬಿಡುವಾಗಿರಲಿಲ್ಲ. ಆದ ಪರಿಣಾಮಗಳನ್ನು ಪರಿಶೀಲಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ವ್ಯಾಖ್ಯೆಗಳು

(ಅ) 'ಗುಂಡಿ ಹಾಕುವುದು' ಎಂದರೆ ಗುಂಡಿಯು ಅದೇ ಅಂಗಿಯ, ಅದೇ ಸಾಲಿನ, ತನಗೆ ನಿಗದಿಯಾದ ಕಾಜದೊಳಗೆ ಪೂರ್ತಿಯಾಗಿ ತೂರುವುದು. ಅರ್ಧ ತೂರಿದ ಗುಂಡಿಯನ್ನು ವಿಚಾರಣೆಗೆ ಬಾಕಿ ಇದೆಯೆಂದು ಭಾವಿಸತಕ್ಕದ್ದು.

(ಆ) 'ಸಹಾಯ' ಎಂದರೆ ಕಣ್ಣಿಗೆ ಕಾಣುವ ಸಹಾಯ. ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ಸಹಾಯವಲ್ಲ. (ಈ ಉಪಖಂಡವನ್ನು ಖಂಡ 5ರಲ್ಲಿ ತಲೆಕೆಳಗು ಮಾಡಲಾಗಿದೆ. ಆತುರವಿರುವವರು ನೇರವಾಗಿ ಅಲ್ಲಿಗೆ ಹೋಗಬಹುದು.)

(ಇ) 'ಸಹಾಯಕಿ' ಎಂದರೆ ಮೂರನೇ ವಸತಿಗೃಹದ ಆರೈಕೆ ಸಹಾಯಕಿ. ನಿವಾಸಿಗಳು ಈಕೆಯನ್ನು 'ಅಕ್ಕ' ಎಂದು ಕರೆಯುತ್ತಾರೆ. ಹಾಗೆ ಕರೆಯುವವರಲ್ಲಿ ನಾಲ್ವರು ಆಕೆಗಿಂತ ಇಪ್ಪತ್ತು ವರ್ಷ ದೊಡ್ಡವರೆಂಬುದನ್ನು ಅವರ ಗಮನಕ್ಕೆ ತರಲಾಗಿದ್ದು, ಅವರು ಅದನ್ನು ಕಿವಿಗೆ ಹಾಕಿಕೊಂಡಿಲ್ಲ.

2. ಮೊದಲ ತಪಾಸಣೆ

ಮೊದಲ ತಿಂಗಳ ಪಟ್ಟಿಯಲ್ಲಿ ಎರಡನೇ ವಸತಿಗೃಹದ ಸಹಾಯಕನು ಒಂಬತ್ತು ಮಂದಿಗೆ ಹನ್ನೊಂದು ನಿಮಿಷಗಳಲ್ಲಿ ಉಡುಪು ತೊಡಿಸಿ ಮುಗಿಸಿ ಪ್ರಶಂಸಾ ಪತ್ರ ಪಡೆದಿರುತ್ತಾನೆ. ಅಂದು ಇಬ್ಬರು ನಿವಾಸಿಗಳು ಪರಸ್ಪರರ ಅಂಗಿಯಲ್ಲಿ ಕಂಡುಬಂದರಾದರೂ, ಅಂಗಿ ಯಾರದೆಂದು ಕೇಳುವ ಕಾಲಂ ನಮೂನೆಯಲ್ಲಿ ಇಲ್ಲದ ಕಾರಣ ಅಂಕ ಕಡಿತಗೊಳಿಸಲಾಗಿಲ್ಲ. ಇದೇ ಪಟ್ಟಿಯಲ್ಲಿ ಮೂರನೇ ವಸತಿಗೃಹದ ಸಹಾಯಕಿಯ ಅಂಕ ಸೊನ್ನೆ.

ಕಾರಣ ತಿಳಿಯಲು ತಪಾಸಣಾಧಿಕಾರಿಯನ್ನು ಸದರಿ ವಸತಿಗೃಹದ ನಾಲ್ಕನೇ ಕೊಠಡಿಗೆ ಕಳುಹಿಸಲಾಯಿತು. ಅಲ್ಲಿನ ನಿವಾಸಿ ನಿವೃತ್ತ ಟೈಲರ್. ಪಾರ್ಶ್ವವಾಯುವಿನಿಂದ ಅವರ ಬಲಗೈ ಕೆಲಸ ಬಿಟ್ಟಿದೆ. ಅವರು ಮಂಚದ ಅಂಚಿನಲ್ಲಿ ಕುಳಿತು ಎಡಗೈಯೊಂದರಿಂದಲೇ ಅಂಗಿಯ ಆರು ಗುಂಡಿಗಳನ್ನು ಇಪ್ಪತ್ತೆರಡು ನಿಮಿಷಗಳಲ್ಲಿ ಹಾಕಿಕೊಂಡರು. ಸಹಾಯಕಿಯು ಅಷ್ಟೂ ಹೊತ್ತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನಾಲ್ಕನೇ ಗುಂಡಿ ಮೂರು ಸಲ ಜಾರಿತು. ಆಗಲೂ ನಿಂತೇ ಇದ್ದರು.

"ನೀವೇ ಹಾಕಿದ್ರೆ ಒಂದು ನಿಮಿಷದ ಕೆಲಸ ಅಲ್ವೇನಮ್ಮಾ?" ಎಂದು ಅಧಿಕಾರಿಯು ಕೇಳಿದ್ದಕ್ಕೆ ಸಹಾಯಕಿಯು, "ಹೌದು ಸಾರ್. ಆಮೇಲೆ ದಿನಾ ನಾನೇ ಹಾಕ್ತಾ ಇರ್ಬೇಕಾಗುತ್ತೆ, ಅಷ್ಟೇ" ಎಂದು ಉತ್ತರಿಸಿರುತ್ತಾರೆ. ಟೈಲರ್ ಅವರು ಕೇಳದೆಯೇ ನೀಡಿದ ಹೇಳಿಕೆಯನ್ನೂ ದಾಖಲಿಸಲಾಗಿದೆ: "ಸಾರ್, ನಲವತ್ತು ವರ್ಷ ಕಂಡವರ ಅಂಗಿಗೆಲ್ಲಾ ಗುಂಡಿ ಹಾಕಿ ಕೊಟ್ಟಿದೀನಿ. ನನ್ನ ಅಂಗಿಗೆ ಇನ್ನೊಬ್ರ ಕೈ ಯಾಕೆ? ಮೂರು ತಿಂಗಳು ಬೇಕಾಯ್ತು ಕಲಿಯೋಕೆ. ನೀವು ಸ್ವಲ್ಪ ಆ ಕುರ್ಚಿಲಿ ಕೂತ್ಕೊಳ್ಳಿ, ಬೆಳಕಿಗೆ ಅಡ್ಡ ಬರ್ತಿದೀರ."

ಅಧಿಕಾರಿಯು ಕುಳಿತುಕೊಂಡಿರುತ್ತಾರೆ. ನಂತರ ನಮೂನೆಯಲ್ಲಿ 'ಸಹಾಯಕಿ ಏನೂ ಮಾಡಲಿಲ್ಲ' ಎಂದು ಭರ್ತಿ ಮಾಡಿದ್ದು, ಅದರನ್ವಯ ಸಹಾಯಕಿಯನ್ನು ತಿಂಗಳ ಕೊನೆಗೆ ಟವೆಲ್ ಎಣಿಸಲು ವರ್ಗಾಯಿಸಿ ಆದೇಶಿಸಲಾಯಿತು.

3. ಎರಡನೇ ತಪಾಸಣೆ

ವರ್ಗಾವಣೆಯ ಸುದ್ದಿ ತಲುಪಿದ ಮರುದಿನ ಮೂರನೇ ವಸತಿಗೃಹದ ನಿವಾಸಿಗಳ ಸ್ಥಿತಿಯು ಏಕಾಏಕಿ ಹದಗೆಟ್ಟಿರುವುದು ಕಂಡುಬಂದಿದೆ. ಟೈಲರ್ ಅವರು ಐದು ಗುಂಡಿಗಳನ್ನು ಒಂದೊಂದು ಕಾಜ ಕೆಳಕ್ಕೆ ಹಾಕಿಕೊಂಡು, ಆರನೆಯದಕ್ಕೆ ಗತಿ ಕಾಣಿಸದೆ ಅಂಗಳದಲ್ಲಿ ಅಡ್ಡಾಡುತ್ತಿದ್ದರು. ಎರಡನೇ ಕೊಠಡಿಯಲ್ಲಿ ವಾಸಿಸುವ ನಿವೃತ್ತ ಟೀಚರ್ ಹಲ್ಲುಜ್ಜುವ ಬ್ರಷ್‌ನಿಂದ ತಲೆ ಬಾಚಿಕೊಳ್ಳುತ್ತಿದ್ದರು. ಮಾಜಿ ಲಾರಿ ಡ್ರೈವರ್ ಒಬ್ಬರು ಒಂದು ಕೆನ್ನೆಯನ್ನು ಮಾತ್ರ ಕ್ಷೌರ ಮಾಡಿಕೊಂಡು, ಇನ್ನೊಂದು ಕೆನ್ನೆಯನ್ನು ಅಧಿಕಾರಿಯ ಕಡೆಗೆ ತಿರುಗಿಸಿ, "ಇದು ಅಕ್ಕನ ಪಾಲು. ಬರ್ಕೊಳ್ಳಿ" ಎಂದಿರುತ್ತಾರೆ. ಏಳು ಮಂದಿಗೂ ಒಂದೇ ಬೆಳಿಗ್ಗೆ ಎಲ್ಲವೂ ಮರೆತುಹೋಗುವ ಕಾಯಿಲೆ ಇದೆಯೇ ಎಂದು ವೈದ್ಯರನ್ನು ಕೇಳಲಾಗಿ, ಅವರು ನಗುತ್ತಾ ಫೋನ್ ಇಟ್ಟಿರುತ್ತಾರೆ.

ಸಹಾಯಕಿಗೆ ಅಂದು ಸುಲಭವಾಗಿ ನಲವತ್ತು ಅಂಕ ದೊರೆಯುತ್ತಿತ್ತು. ಆದರೆ ಆಕೆಯು ಅಧಿಕಾರಿಯ ಸಮಕ್ಷಮದಲ್ಲೇ ನಿವಾಸಿಗಳನ್ನು ತರಾಟೆಗೆ ತೆಗೆದುಕೊಂಡಿದ್ದು, ಅದರ ಮುಖ್ಯಾಂಶ ಹೀಗಿದೆ: "ಟೈಲರ್ ಮಾವ, ಮೂರು ತಿಂಗಳು ಒದ್ದಾಡಿದ್ದು ಈ ಅವತಾರಕ್ಕಾ? ಬಿಚ್ಚಿ, ಸರಿಯಾಗಿ ಹಾಕ್ಕೊಳ್ಳಿ. ನಾನು ಎಲ್ಲೋ ಕೂತು ಟವೆಲ್ ಎಣಿಸ್ಕೊಂಡಿರ್ತೀನಿ, ಪರವಾಗಿಲ್ಲ. ನೀವು ಕಲಿತಿದ್ದನ್ನ ಬಿಡ್ಬೇಡಿ."

ಇದಕ್ಕೆ ಟೀಚರ್ ಅವರು ಬ್ರಷ್ ಕೆಳಗಿಟ್ಟು, "ನಿನಗೇನಮ್ಮಾ, ಟವೆಲ್ ಎಣಿಸ್ತೀಯ. ನಿನ್ನ ಜಾಗಕ್ಕೆ ಬರೋರು ಹನ್ನೊಂದು ನಿಮಿಷದಲ್ಲಿ ನಮ್ಮನ್ನೆಲ್ಲಾ ಮೂಟೆ ಕಟ್ಟಿ ಇಡ್ತಾರೆ. ಆಮೇಲೆ ನಮ್ಮ ಕೈ ನಮಗೆ ಯಾಕೆ ಬೇಕು?" ಎಂದಿರುತ್ತಾರೆ.

ತಪಾಸಣಾ ವರದಿಯ ಈ ಪುಟದಲ್ಲಿ ಮಸಿಯು ಎರಡು ಕಡೆ ಹರಡಿದೆ. ಚಹಾ ಚೆಲ್ಲಿತೆಂದು ಅಧಿಕಾರಿಯು ಸಮಜಾಯಿಷಿ ನೀಡಿದ್ದಾರೆ. ಅಂದು ಚಹಾ ಕೊಟ್ಟಿರಲಿಲ್ಲವೆಂದು ವಸತಿಗೃಹದ ಅಡುಗೆಯವರು ಲಿಖಿತವಾಗಿ ತಿಳಿಸಿದ್ದಾರೆ. ಶಾಖೆಗೆ ಈ ಪುಟ ಓದಿ ನಾಚಿಕೆಯಾಗಿದ್ದು, ಸದರಿ ನಾಚಿಕೆಯನ್ನು ಕಡತದಲ್ಲಿ ಸೇರಿಸಲಾಗಿದೆ.

4. ಬೇಕೆಂತಲೇ ತಪ್ಪು ಮಾಡುವ ನಿವಾಸಿಗಳ ಬಗ್ಗೆ

ಶಿಸ್ತಿನ ದೃಷ್ಟಿಯಿಂದ ಒಂದು ಗುಂಡಿ ತಪ್ಪಿದರೆ ಸಹಜ, ಎರಡು ತಪ್ಪಿದರೆ ಅನುಮಾನಾಸ್ಪದ, ಆರೂ ತಪ್ಪಿದರೆ ಪ್ರೀತಿ ಎಂದು ಪರಿಗಣಿಸತಕ್ಕದ್ದು. ಪ್ರೀತಿಯ ಪ್ರಕರಣಗಳನ್ನು ವಿಚಾರಿಸುವ ಅಧಿಕಾರ ಈ ಶಾಖೆಗೆ ಇಲ್ಲದಿರುವುದರಿಂದ ಅವುಗಳನ್ನು ಕೈಬಿಡಲಾಗಿದೆ. ಅರ್ಧ ಕ್ಷೌರವನ್ನು ಮಾತ್ರ ಮಧ್ಯಾಹ್ನದೊಳಗೆ ಪೂರ್ಣಗೊಳಿಸತಕ್ಕದ್ದು. ಡ್ರೈವರ್ ಅವರನ್ನು ಎರಡು ಬದಿಗಳಿಂದ ನೋಡಿದ ಅಂಚೆಯವರು ಅವರನ್ನು ಇಬ್ಬರೆಂದು ತಿಳಿದಿರುತ್ತಾರೆ.

5. ಸುಮ್ಮನೆ ನಿಲ್ಲುವುದಕ್ಕೆ ಮಾನದಂಡಗಳು

ಮೇಲ್ಕಂಡ ಸಂಗತಿಗಳ ಹಿನ್ನೆಲೆಯಲ್ಲಿ ಸುಮ್ಮನೆ ನಿಲ್ಲುವುದೂ ಸಹಾಯವೇ ಎಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ. ಇನ್ನು ಮುಂದೆ ಸೊನ್ನೆಯನ್ನು ಅತ್ಯುತ್ತಮ ಅಂಕವೆಂದು ಓದಿಕೊಳ್ಳತಕ್ಕದ್ದು. ಇದರಿಂದ ಕೈಕಟ್ಟಿ ಕುಳಿತವರೆಲ್ಲಾ ಉತ್ತಮರೆನಿಸಿಕೊಳ್ಳುವ ಅಪಾಯವಿರುವುದರಿಂದ ನಿಲ್ಲುವ ವಿಧಾನವನ್ನು ಈ ಕೆಳಗೆ ನಿಗದಿಪಡಿಸಲಾಗಿದೆ:

(ಅ) ನಿವಾಸಿಗೆ ನಿಜವಾಗಿ ಬೇಕೆನಿಸಿದಾಗ ಕೈ ತಲುಪುವಷ್ಟು ಹತ್ತಿರದಲ್ಲಿ, ಬೇಡದಿದ್ದಾಗ ಉಸಿರು ತಾಕದಷ್ಟು ದೂರದಲ್ಲಿ ನಿಲ್ಲತಕ್ಕದ್ದು. ಈ ದೂರವನ್ನು ಟೇಪಿನಿಂದ ಅಳೆಯಲು ಶಾಖೆಯು ಎರಡು ಸಲ ಪ್ರಯತ್ನಿಸಿ ಕೈಚೆಲ್ಲಿದೆ.

(ಆ) ಗುಂಡಿ ಜಾರಿದಾಗ ಲೊಚಗುಟ್ಟಬಾರದು. ನಿಟ್ಟುಸಿರು ಬಿಡಲೇಬೇಕೆನಿಸಿದಲ್ಲಿ ಪಡಸಾಲೆಗೆ ಹೋಗಿ ಬಿಟ್ಟು ಬರತಕ್ಕದ್ದು.

(ಇ) ಗಡಿಯಾರ ನೋಡುವುದನ್ನು, "ಕೊಡಿ ಇಲ್ಲಿ" ಎನ್ನುವುದನ್ನು ಮತ್ತು "ಅಯ್ಯೋ ಪಾಪ" ಎನ್ನುವುದನ್ನು ನಿಷೇಧಿಸಲಾಗಿದೆ. ಮೂರನ್ನೂ ಒಟ್ಟಿಗೆ ಮಾಡಿದವರನ್ನು ಈ ಶಾಖೆಗೆ ವರ್ಗಾಯಿಸಲಾಗುವುದು.

(ಈ) ಸಿಬ್ಬಂದಿಯ ಒಂದು ಕೈ ತನ್ನಷ್ಟಕ್ಕೆ ತಾನೇ ಸಹಾಯಕ್ಕೆ ಹೊರಟಲ್ಲಿ ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಳ್ಳತಕ್ಕದ್ದು. ಎರಡೂ ಕೈಗಳು ಹೊರಟಲ್ಲಿ ಮೇಲಧಿಕಾರಿಗೆ ವರದಿ ಮಾಡತಕ್ಕದ್ದು.

(ಉ) ಬೇಕೆಂದು ಕೇಳಿದವರಿಗೆ ಬೇಕಾದಷ್ಟೇ ಮಾಡತಕ್ಕದ್ದು. ನಾಲ್ಕನೇ ಗುಂಡಿಗೆ ಮಾತ್ರ ಸಹಾಯ ಕೇಳಿದವರ ಐದನೆಯದನ್ನೂ ಹುಮ್ಮಸ್ಸಿನಲ್ಲಿ ಹಾಕಿದಲ್ಲಿ, ಅದನ್ನು ಬಿಚ್ಚಿ ಹಿಂದಿರುಗಿಸತಕ್ಕದ್ದು.

6. ಬಡ್ತಿಯಿಂದ ಉಂಟಾದ ಹೊಸ ತೊಡಕು

ಈ ಸುತ್ತೋಲೆಯು ಕರಡಾಗಿದ್ದಾಗಲೇ ಖಂಡ 5 ಜಾರಿಗೆ ಬಂದು, ಸೊನ್ನೆಯು ಅತ್ಯುತ್ತಮವೆಂದಾಗಿ ಟವೆಲ್ ವರ್ಗಾವಣೆ ರದ್ದಾದ ಮೇಲೆ ಸಹಾಯಕಿಯು ಪಟ್ಟಿಯ ತಳದಿಂದ ತುದಿಗೆ ಬಂದಿರುತ್ತಾರೆ. ತುದಿಯಲ್ಲಿರುವವರನ್ನು ಪ್ರಧಾನ ಕಚೇರಿಯ ಮೇಜಿಗೆ ಬಡ್ತಿ ನೀಡಿ ಕರೆಸಿಕೊಳ್ಳತಕ್ಕದ್ದೆಂಬ ಹಳೆಯ ನಿಯಮವೊಂದು ಈ ನಡುವೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಣ್ಣಿಗೆ ಬಿದ್ದ ಕೂಡಲೇ ಬಡ್ತಿ ಆದೇಶವನ್ನು ತಪಾಸಣಾಧಿಕಾರಿಯ ಕೈಯಲ್ಲಿ ಕಳುಹಿಸಲಾಯಿತು. ಟವೆಲ್ಲಿನಿಂದ ಪಾರಾದವರನ್ನು ಮೇಜಿಗೆ ಕಟ್ಟಿಹಾಕುವ ಈ ಕ್ರಮದಿಂದ ನಿವಾಸಿಗಳ ಮುಖಗಳು ಮೊದಲಿನಷ್ಟೇ ಬಾಡಿದವೆಂದು ವರದಿಯಾಗಿದೆ.

ಆದೇಶವನ್ನು ಓದಿದ ಸಹಾಯಕಿಯು ಅಧಿಕಾರಿಯನ್ನು ಕುರ್ಚಿಯಲ್ಲಿ ಕೂರಲು ಹೇಳಿ, ಬಗ್ಗಿ, ಅವರ ಎಡ ಶೂವಿನ ಬಿಚ್ಚಿದ್ದ ಲೇಸನ್ನು ಕಟ್ಟಿರುತ್ತಾರೆ. ಬಳಿಕ, "ನಮೂನೆ ತಗೊಳ್ಳಿ ಸಾರ್. ಒಂದು ಕೆಲಸ ಮಾಡಿದೀನಿ, ಒಂದು ಅಂಕ ಹಾಕಿ" ಎಂದಿರುತ್ತಾರೆ. ಒಂದು ಅಂಕ ಬಿದ್ದ ಕೂಡಲೇ ಆಕೆಯು ಮೊದಲ ಸ್ಥಾನ ಕಳೆದುಕೊಂಡು ಬಡ್ತಿಗೆ ಅನರ್ಹರಾಗಿರುತ್ತಾರೆ.

ಅಧಿಕಾರಿಯು ತಾನು ನಿವಾಸಿಯಲ್ಲವೆಂದು ಆಕ್ಷೇಪಿಸಿದ್ದು, ವಿಷಯವನ್ನು ಕಾನೂನು ಸಲಹೆಗಾರರಿಗೆ ಒಪ್ಪಿಸಲಾಯಿತು. ಅಧಿಕಾರಿಗೆ ಐವತ್ತೆರಡು ವರ್ಷವಾಗಿರುವುದರಿಂದ ವಯಸ್ಕರೆಂಬುದು ಸಾಬೀತಾಗಿದೆ. ಘಟನೆಯ ವೇಳೆ ವಸತಿಗೃಹದೊಳಗೆ ಇದ್ದರು. ಲೇಸು ಬಿಚ್ಚಿ ಎಷ್ಟು ದಿನವಾಗಿತ್ತೆಂಬುದು ಅವರಿಗೇ ತಿಳಿದಿರಲಿಲ್ಲ. ಆದ್ದರಿಂದ ಅವರು ಆರೈಕೆಗೆ ಎಲ್ಲಾ ರೀತಿಯಿಂದ ಅರ್ಹರೆಂದು ಸಲಹೆಗಾರರು ಅಭಿಪ್ರಾಯಪಟ್ಟಿದ್ದು, ಅಂಕವನ್ನು ಎತ್ತಿಹಿಡಿಯಲಾಗಿದೆ.

7. ಉಳಿದ ಏಕೈಕ ಸೊನ್ನೆಯು ಐದನೇ ವಸತಿಗೃಹದ ಸಿಬ್ಬಂದಿಯೊಬ್ಬರದು. ಅವರು ಒಂಬತ್ತು ತಿಂಗಳಿಂದ ರಜೆಯಲ್ಲಿದ್ದು, ಈ ಅವಧಿಯಲ್ಲಿ ಅವರ ವಿರುದ್ಧ ಒಂದೇ ಒಂದು ದೂರು ಬಂದಿಲ್ಲ. ಬಡ್ತಿಯನ್ನು ಅವರಿಗೆ ನೀಡಿ ಅಭಿನಂದಿಸಲಾಗಿದೆ. ಅವರು ಸಿಕ್ಕಲ್ಲಿ ತಿಳಿಸುವುದು.

8. ಅಂತಿಮ ಆದೇಶ

ಸಹಾಯಕಿಯು ಮುಂದಿನ ಆದೇಶದವರೆಗೆ ಮೂರನೇ ವಸತಿಗೃಹದಲ್ಲಿಯೇ ಮುಂದುವರಿಯತಕ್ಕದ್ದು. ಮುಂದಿನ ಆದೇಶವನ್ನು ಯಾರೂ ಹೊರಡಿಸತಕ್ಕದ್ದಲ್ಲ. ಈ ವಿಷಯದಲ್ಲಿ ಶಾಖೆಗೆ ಸಂತೋಷವಾಗಿದೆ. ಸಂತೋಷಕ್ಕೆ ಕಾಲಂ ಇಲ್ಲದಿರುವುದರಿಂದ 'ಇತರೆ' ಎಂಬಲ್ಲಿ ನಮೂದಿಸಲಾಗಿದೆ.

ಓದಿ ಅರ್ಥವಾದವರು ಪಾಲಿಸುವುದು, ಆಗದವರು ಒಂದು ಬೆಳಿಗ್ಗೆ ನಾಲ್ಕನೇ ಕೊಠಡಿಗೆ ಹೋಗಿ ನೋಡಿ ಬರುವುದು.

ಸಹಿ/-
ಶಾಖಾಧಿಕಾರಿ
ಗುಣಮಟ್ಟ ಮೌಲ್ಯಮಾಪನ ಶಾಖೆ
(ಪೆನ್ನಿನ ಮುಚ್ಚಳವನ್ನು ಸ್ವತಃ ತೆಗೆದಿರುತ್ತಾರೆ)

ಪ್ರತಿಗಳು:
1. ಎಲ್ಲಾ ವಸತಿಗೃಹಗಳ ಮೇಲ್ವಿಚಾರಕರಿಗೆ, ಸೂಚನಾ ಫಲಕದಲ್ಲಿ ಕೈಗೆಟುಕುವ ಎತ್ತರದಲ್ಲಿ ಅಂಟಿಸಲು.
2. ಎರಡನೇ ವಸತಿಗೃಹದ ಸಹಾಯಕನಿಗೆ, ನಿಧಾನವಾಗಿ ಓದಲು.
3. ಕೇಂದ್ರ ದಾಸ್ತಾನು ಕೊಠಡಿಗೆ, ಟವೆಲ್‌ಗಳನ್ನು ಸದ್ಯಕ್ಕೆ ಅಂದಾಜಿನಲ್ಲಿ ಇಟ್ಟುಕೊಳ್ಳಲು.
4. ಮೂರನೇ ವಸತಿಗೃಹದ ಸಹಾಯಕಿಗೆ, ಮಾಹಿತಿಗಾಗಿ ಮತ್ತು ಕ್ಷಮೆಗಾಗಿ.
5. ಕಚೇರಿ ಕಡತಕ್ಕೆ.
6. ನಾಲ್ಕನೇ ಕೊಠಡಿಯ ಟೈಲರ್ ಅವರಿಗೆ, ಅಂಟಿಸಿದ ಲಕೋಟೆಯಲ್ಲಿ. ಲಕೋಟೆಯನ್ನು ಅವರೇ ಒಡೆಯತಕ್ಕದ್ದು. ತಲುಪಿಸಲು ಹೋದ ನೌಕರನು ಎಷ್ಟು ಹೊತ್ತಾದರೂ ಕಾಯತಕ್ಕದ್ದು.