ಬಸುರಿಯರೂ ಬಾಟಲಿಗಳೂ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ವಾರಕ್ಕೊಂದು ದಿನ ಮಾನ್ವಿಗೆ, ಇನ್ನೊಂದು ದಿನ ದೇವದುರ್ಗಕ್ಕೆ ಹೋಗಿ, ಉಳಿದಂತೆ ರಾಯಚೂರಿನಲ್ಲಿ ಬಸುರಿಯರನ್ನು ನೋಡುತ್ತಿದ್ದ ಡಾಕ್ಟರು; ಹೆಂಗಸಾದ್ದರಿಂದ ಅಲ್ಲಿಯವರ ಮಾತಿನಲ್ಲಿ 'ಬಾಯಾರು'. ಬಸ್ಸಿನಲ್ಲಿ ಕೂತರೂ ಜೀವಕ್ಕೆ ನೆಮ್ಮದಿಯಿಲ್ಲ. ಯಾರಿಗೆ ಸಕ್ಕರೆ ಏರಿತೋ, ಯಾರು ಏನು ತಿಂದರೋ! ಆ ಚಡಪಡಿಕೆಯ ನಡುವೆಯೇ ಇಂಥವೂ ನಡೆಯುತ್ತಿದ್ದವು.

೧. ಇಟ್ಟಿಗೆ ಕೆಂಪು

ಆಗ ಸಕ್ಕರೆ ಕಾಯಿಲೆ ಪತ್ತೆಗೆ ಮೂತ್ರವನ್ನು ನೀಲಿ ದ್ರಾವಣದಲ್ಲಿ ಕುದಿಸುತ್ತಿದ್ದೆವು. ನೀಲಿಯಾಗಿಯೇ ಉಳಿದರೆ ನಿಶ್ಚಿಂತೆ. ಇಟ್ಟಿಗೆಯಂತೆ ಕೆಂಪಾದರೆ ಸಕ್ಕರೆ ವಿಪರೀತ. ಗುಂಜಹಳ್ಳಿಯ ಚೊಚ್ಚಲ ಬಸುರಿ ಮನೆಯಿಂದ ಬಾಟಲಿಯಲ್ಲಿ ತಂದದ್ದನ್ನು ಕುದಿಸಿದರೆ ಕಡುಗೆಂಪು. ಅವಳ ತಾಯಿ ಅಳತೊಡಗಿದಳು. ಯಾತಕ್ಕೋ ಬಾಟಲಿ ಮೂಸಿದೆ. ಜೇನುತುಪ್ಪದ ವಾಸನೆ. ತೊಳೆದು ತರಲಿಲ್ಲವೇ ಎಂದು ಕೇಳಿದೆ.

"ಹೆಂಗ ತೊಳೀಲ್ರೀ ಬಾಯಾರ, ತಳದಾಗ ಇನ್ನೂ ಜೇನು ಇತ್ತಲ್ಲ" ಎಂದಳು ತಾಯಿ.

೨. ತೂಕದ ಪಾಠ

ಮಾನ್ವಿಗೆ ಬಂದಿದ್ದ ಕಲ್ಲೂರಿನ ಬಸುರಿಯೊಬ್ಬಳು ಬಹಳ ದಪ್ಪ. ತೂಕ ಹೀಗೇ ಏರಿದರೆ ಸಕ್ಕರೆ ಬರುತ್ತದೆ, ಹೆರಿಗೆ ಕಷ್ಟವಾಗುತ್ತದೆ, ಎರಡು ಜೀವ ಎಂದುಕೊಂಡು ಎರಡು ಪಾಲು ಉಣ್ಣಬೇಡ ಎಂದು ಬಾಯಿ ನೋಯುವಷ್ಟು ಹೇಳಿದೆ. ಆಕೆ ಭಕ್ತಿಯಿಂದ ಕೇಳಿದಳು. ಕಣ್ಣು ಮಾತ್ರ ನನ್ನ ಹೊಟ್ಟೆಯ ಮೇಲೆ.

"ನೀವೂ ಜ್ವಾಕಿ ಇರ್ರಿ ಬಾಯಾರ. ನಿಮಗ ಎಷ್ಟನೇ ತಿಂಗಳ್ರೀ?"

ನನಗಿನ್ನೂ ಮದುವೆಯೇ ಆಗಿರಲಿಲ್ಲ.

೩. ನಾಚಿಕೆಯ ಸೊಸೆ

ದೇವದುರ್ಗಕ್ಕೆ ಅರಕೇರಾದಿಂದ ಏಳು ತಿಂಗಳ ಬಸುರಿಯೊಬ್ಬಳು ಅತ್ತೆಯ ಜೊತೆ ಬರುತ್ತಿದ್ದಳು. ಮೂತ್ರದ ಬಾಟಲಿ ಅತ್ತೆಯ ಕೈಯಲ್ಲಿ. ಕುದಿಸಿದಾಗಲೆಲ್ಲ ಕೆಂಪು. ಸೊಸೆಗೆ ಬೆಲ್ಲ, ಹೋಳಿಗೆ, ಕರದಂಟು ಎಲ್ಲ ಬಂದ್ ಮಾಡಿಸಿದೆ. ಹುಡುಗಿ ಸೊರಗುತ್ತ ಬಂದಳು, ಕೆಂಪು ಮಾತ್ರ ಗಾಢವಾಗುತ್ತ ಹೋಯಿತು. ಇನ್ನು ಇನ್ಸುಲಿನ್ ಸೂಜಿಯೇ ಗತಿಯೇನೋ ಎಂದು ಹೆದರಿ, ಕೊನೆಗೆ ತೊಳೆದ ಬಾಟಲಿಯೊಂದನ್ನು ಅವಳ ಕೈಗೇ ಕೊಟ್ಟು ಆಸ್ಪತ್ರೆಯ ಬಚ್ಚಲಿಗೆ ಕಳಿಸಿದೆ. ಕುದಿಸಿದರೆ ಅಚ್ಚ ನೀಲಿ.

ಹಾಗಾದರೆ ಇಷ್ಟು ದಿನ ತಂದದ್ದು ಯಾರದು ಎಂದು ಅತ್ತೆಯನ್ನು ಕೇಳಿದೆ. ಆಕೆ ಸೆರಗು ಸರಿಮಾಡಿಕೊಂಡಳು.

"ಹುಡುಗಿ ನಾಚತಾಳ್ರೀ. ಒಂದ ಮನ್ಯಾಗಿನವರು, ಯಾರದಾದ್ರೇನು ಅಂತ ನಂದ ತರತಿದ್ದೆ."

ಸೊಸೆಗೆ ಬಿಡಿಸಿದ ಹೋಳಿಗೆ ಏನಾಯಿತು ಎಂದೆ.

"ಚೆಲ್ಲಾಕ ಬರತದೇನ್ರೀ? ಆಕಿ ಪಾಲೂ ನಾನ ತಿಂದೆ."

ಕಾಯಿಲೆ ಅತ್ತೆಯದು, ಪಥ್ಯವೂ ಇನ್ನು ಆಕೆಯದೇ ಎಂದೆ. ಅಷ್ಟು ದಿನ ತುಟಿ ಬಿಚ್ಚದಿದ್ದ ಸೊಸೆ ಮೊದಲ ಸಲ ಬಾಯಿ ತೆರೆದಳು:

"ಬಾಯಾರ, ಹಂಗಾರ ಅತ್ತಿ ಪಾಲು ನನಗ ಚೀಟ್ಯಾಗ ಬರದು ಕೊಡ್ರಿ."