ಮಾನ್ವಿಯಿಂದ ದೇವದುರ್ಗಕ್ಕೆ ಎರಡು ನಿಮಿಷ

ಯುದ್ಧ ಮುಗಿದ ಮರುವರ್ಷ, ಮಾಘ ಶುದ್ಧ ದಶಮಿ, ಬೆಳಿಗ್ಗೆ ಏಳೂ ಹತ್ತು. ಮಾನ್ವಿಯ ನಮ್ಮ ಮನೆಯ ಕಟ್ಟೆಯ ಮೇಲೆ ಹಾಜರಿದ್ದವರು: ನಾನು, ನನ್ನ ಹೆಂಡತಿ ರುಕ್ಮಾಬಾಯಿ, ಆಕೆ ಕಟ್ಟಿಟ್ಟ ಎರಡು ಗಂಟು. ಎಂಟಕ್ಕೆ ದೇವದುರ್ಗದ ಬಸ್ಸು. ಅಲ್ಲಿ ಸೊಸೆಯ ತವರಿನಲ್ಲಿ ಅಂದು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ದೀಪ ಹಚ್ಚುವುದರೊಳಗೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಹಿರಿಯ ನಾನೇ. ಆ ಹೆಸರನ್ನು ಯಾರಿಗೂ ತಿಳಿಸದೆ, ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ.

ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ತಡವೆಂದರೆ ಆಗದು. ಒಂದೇ ದೋಷ: ಲೆಕ್ಕವನ್ನು ಅರ್ಧಕ್ಕೆ ಬಿಡಲಾರೆ. ಒಮ್ಮೆ ತೊಟ್ಟಿ ತುಂಬುವ ಲೆಕ್ಕ ಮುಗಿಯದೆ, ಊಟದ ಗಂಟೆಯಾಯಿತೆಂದು ಹೇಳಲು ಬಂದ ಜವಾನನನ್ನೂ ಕೂರಿಸಿ ಬಿಡಿಸಲು ಹಚ್ಚಿದ್ದೆ.

ಅಷ್ಟರಲ್ಲಿ ಅಕ್ಕಿ ಗಿರಣಿಯ ಶರಣಪ್ಪ ಬಂದರು. ತಾಲೂಕಿಗೊಂದು ವಿಮಾನದ ಬಯಲು ಆಗುವುದೆಂದು ರಾಯಚೂರಿನಲ್ಲಿ ಯಾರೋ ಹೇಳಿದ್ದರಂತೆ.

"ಮಾಸ್ತರ್ರ, ನಮಗೂ ಒಂದು ಬೇಕಂತ ಅರ್ಜಿ ಇವತ್ತಿನ ಟಪಾಲಿಗೆ ಹೋಗಬೇಕ್ರಿ. ಇಲ್ಲಿಂದ ದೇವದುರ್ಗಕ್ಕ ವಿಮಾನ ಎಷ್ಟು ನಿಮಿಷಕ್ಕ ಹೋಗ್ತದ, ಅಷ್ಟ ಹೇಳ್ರಿ."

ಇಪ್ಪತ್ತೈದು ಮೈಲಿ ಎಂದು ಹಿಡಿದೆ. ಗಂಟೆಗೆ ನೂರೈವತ್ತರ ವೇಗ. ಹತ್ತು ನಿಮಿಷ. ಅಲ್ಲಿಗೇ ಏಳಬೇಕಿತ್ತು.

"ಆದ್ರ ಊರ ಹತ್ರ ಬ್ಯಾಡ್ರಿ," ಎಂದರು ಶರಣಪ್ಪ. "ಸಪ್ಪಳಕ್ಕ ಎಮ್ಮಿ ಹಾಲು ಬಿಡಂಗಿಲ್ಲ. ದೇವದುರ್ಗದ ದಾರಿಗೆ ಹತ್ತು ಮೈಲಿ ಆಚಿ ಹಾಕ್ರಿ."

ನ್ಯಾಯವೆಂದರೆ ನ್ಯಾಯ, ದೇವದುರ್ಗದಲ್ಲೂ ಎಮ್ಮೆಗಳಿವೆ. ಅವರ ಬಯಲನ್ನೂ ಹತ್ತು ಮೈಲಿ ಈಚೆಗೆ ತಂದೆ. ಉಳಿದದ್ದು ಐದು ಮೈಲಿ, ಎರಡು ನಿಮಿಷ.

"ರೀ, ಬಸ್ಸಿನ ಹೊತ್ತಾತು," ಎಂದಳು ರುಕ್ಮಾ. ತರಗತಿಯಲ್ಲಿ ಮಾಡುವಂತೆ ಕೈಯೆತ್ತಿ ಸುಮ್ಮನಿರಿಸಿದೆ.

"ಅದು ಏಳಾಕ ಎರಡು ಮೈಲಿ ಓಡ್ತದ್ರಿ," ಎಂದರು ಶರಣಪ್ಪ. ಹೈದರಾಬಾದಿನಲ್ಲಿ ಬೇಲಿಯ ಸಂದಿಯಿಂದ ನೋಡಿದವರು. "ಇಳಿದ್ಮ್ಯಾಲ ನಿಂದ್ರಾಕ ಮೂರು."

ಎರಡು, ಮೂರು, ಐದು. ಮೇಲೇಳಲು ಒಂದು ಗಜವೂ ಉಳಿಯಲಿಲ್ಲ.

"ಹಂಗಾದ್ರ ರೆಕ್ಕಿ ಯಾಕ್ರಿ?"

"ಬೇಡ, ತೆಗೆದುಬಿಡೋಣ. ಭಾರ ಕಡಿಮೆಯಾಗುತ್ತದೆ."

"ನೆಲದ ಮ್ಯಾಗ ಓಡೋದಾದ್ರ ಊರಿಂದ್ಲೇ ಓಡಲಿ ಬಿಡ್ರಿ. ಮಂದಿ ಅಲ್ಲಿತನಕ ಯಾಕ ಹೋಗಬೇಕು?"

ಅದೂ ಸರಿಯೆನಿಸಿತು. ರೆಕ್ಕೆಯಿಲ್ಲದೆ, ನಾಲ್ಕು ಗಾಲಿಯ ಮೇಲೆ, ಜನರನ್ನು ತುಂಬಿಕೊಂಡು ಮಾನ್ವಿಯಿಂದ ದೇವದುರ್ಗಕ್ಕೆ ಹೋಗುವ ವಾಹನ. ಉತ್ತರ ಬರೆದು ತಲೆಯೆತ್ತಿದರೆ ಕಟ್ಟೆಯ ಮೇಲೆ ರುಕ್ಮಾಬಾಯಿಯೂ ಇಲ್ಲ, ಗಂಟುಗಳೂ ಇಲ್ಲ.

"ಬಾಯಾರು ಆಗಲೇ ಬಸ್ ಹತ್ತಿದ್ರಲ್ರಿ," ಎಂದರು ಶರಣಪ್ಪ. "ನಿಮಗ ಹೇಳೇ ಹೋದ್ರು."

ಅವರದೇ ಎತ್ತಿನ ಗಾಡಿಯಲ್ಲಿ ಹೊರಟೆ. ದಾರಿಯುದ್ದಕ್ಕೂ ಇಳಿಯುವ ಸೂರ್ಯನನ್ನೂ ಗಡಿಯಾರವನ್ನೂ ನೋಡಿದ್ದೇ ಆಯಿತು. ದೇವದುರ್ಗ ಮುಟ್ಟಿದಾಗ ಆರೂ ಐದು. ಬೀಗರ ಮನೆಯ ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಮಾಳಿಗೆಯ ಮೇಲೆ ನಿಂತು, ಹಣೆಗೆ ಕೈ ಹಚ್ಚಿ, ಆಕಾಶ ನೋಡುತ್ತಿದ್ದರು.

"ಅಜ್ಜಾರ ವಿಮಾನ ಎಲ್ಲಿ ಇಳೀತದಂತ್ರಿ?" ಎಂದು ಯಾರೋ ಕೇಳಿದರು.

"ಎರಡ ನಿಮಿಷ," ಎನ್ನುತ್ತಿದ್ದಳು ರುಕ್ಮಾ. "ಲೆಕ್ಕ ಮುಗಿದ್ರ ಬಂದ್ರಂತ ತಿಳೀರಿ."

ನಾನು ಸದ್ದಿಲ್ಲದೆ ಕಾಲು ತೊಳೆದು ಒಳಗೆ ಹೋದೆ. ಆ ಮನೆಯಲ್ಲಿ ಆಕಾಶ ನೋಡದೆ ಇದ್ದದ್ದು ತೊಟ್ಟಿಲ ಪಕ್ಕದ ಚಾಪೆಯ ಮೇಲಿನ ಕೂಸು ಮತ್ತು ಅದರ ತಾಯಿ. ಸೊಸೆ ನಗು ನುಂಗಿಕೊಂಡು ಕೂಸನ್ನು ಎತ್ತಿಕೊಟ್ಟಳು. ಜೇಬಿನ ಚೀಟಿ ತೆಗೆದೆ. ಹಿಂಭಾಗದಲ್ಲಿ ವಿಮಾನದ ಲೆಕ್ಕವಿತ್ತು. ಸರಿಯಾದ ಮಗ್ಗುಲು ತಿರುಗಿಸಿ, "ಜಾನಕಿ" ಎಂದು ಕಿವಿಯಲ್ಲಿ ಮೂರು ಸಲ ಹೇಳಿದೆ. ಆರೂ ಹದಿನೈದು. ದೀಪ ಇನ್ನೂ ಹಚ್ಚಿರಲಿಲ್ಲ.